ಸೊಪ್ಪು ಅಂದರೆ ಯಾವ ಸೊಪ್ಪು?

ಆಗಸ್ಟ್ ತಿಂಗಳಲ್ಲಿ ಹುಣಸೂರು ಕಡೆಯ ನೆಂಟರಿಗೆ ಫೋನು ಮಾಡಿ ನೋಡಿ. ‘ಸೊಪ್ಪು ಬೇಯಿಸ್ತಾ ಇದ್ದೀವಿ ಕಣಕ್ಕ, ಇನ್ನೊಂದು ವಾರ ಎಲ್ಲೂ ಅಲ್ಲಾಡೋ ಹಂಗಿಲ್ಲ’ ಅನ್ನುತ್ತಾರೆ. ವಾರಗಟ್ಟಲೆ ಬೇಯುವ ಸೊಪ್ಪು ಯಾವುದಪ್ಪಾ ಎಂದು ಬೇರೆ ಊರಿನವರಿಗೆ ಅನ್ನಿಸಬಹುದು. ಅದು ಹೊಗೆಸೊಪ್ಪು. ಎಲೆಗಳನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎನ್ನುವ ಹದ ಮಾಡುವ ಮನೆಯೊಳಗೆ ನೇತುಹಾಕಿ, ಹಗಲೂ ರಾತ್ರಿ ಸೌದೆ ಉರಿಸಿ ಹಳದಿ ಬಣ್ಣಕ್ಕೆ ತರುವ ಕೆಲಸಕ್ಕೆ ನಮ್ಮಲ್ಲಿ ಹೆಸರೇ ‘ಸೊಪ್ಪು ಬೇಯಿಸೋದು’. ಗಿಡದಿಂದ ಎಲೆ ಬಿಡಿಸಿದರೆ ‘ಸೊಪ್ಪು ಮುರಿಯೋದು’. ಚಿಲ್ಕುಂದದಲ್ಲೋ ಕಟ್ಟೆಮಳಲವಾಡಿಯಲ್ಲೋ ಹರಾಜು ಮುಗಿಸಿ ಬಂದ ಗಂಡಸರನ್ನು ಮೊದಲು ಕೇಳುವ ಮಾತು, ‘ಸೊಪ್ಪು ಎಷ್ಟಕ್ಕೆ ಹೋಯ್ತು?’

1983ರಲ್ಲಿ ನಾನು ಮದುವೆಯಾಗಿ ಹುಣಸೂರು ತಾಲೂಕಿಗೆ ಬಂದ ಹೊಸದರಲ್ಲಿ ಮಾವನವರು ಒಂದು ರಾತ್ರಿ ‘ನಾಳೆ ಎಲ್ಲಾರೂ ಸೊಪ್ಪಿಗೆ ಹೋಗ್ಬೇಕು’ ಅಂದರು. ಬೆಳಿಗ್ಗೆ ನಾನು ಒಂದು ಸಣ್ಣ ಕುಕ್ಕೆ ಹಿಡಿದು ಜಗಲಿಯಲ್ಲಿ ನಿಂತೆ. ನಮ್ಮ ಅತ್ತೆ ನಕ್ಕಿದ್ದು ಈಗಲೂ ಕಿವಿಯಲ್ಲಿದೆ. ಆ ಕುಕ್ಕೆಯ ಕಥೆಯನ್ನು ಆಮೇಲೆ ಹತ್ತು ವರ್ಷ ಪ್ರತಿ ಹಬ್ಬದಲ್ಲೂ ಹೇಳಿ ನಕ್ಕರು. ನನ್ನ ತವರು ಪಿರಿಯಾಪಟ್ಟಣ ತಾಲೂಕು, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಕಾಣುವಷ್ಟು ದೂರದ ಹಳ್ಳಿ. ನಮ್ಮಪ್ಪನಿಗೆ ಬ್ಯಾರನ್ ಇರಲಿಲ್ಲ. ನಮ್ಮ ಮನೆಯಲ್ಲಿ ಸೊಪ್ಪು ಅಂದರೆ ಹಿಟ್ಟಿನ ಜೊತೆ ಉಣ್ಣುವಂಥದ್ದು. (ಮುದ್ದೆಗೆ ನಾವು ಹಿಟ್ಟು ಅನ್ನುತ್ತೇವೆ. ‘ಹಿಟ್ಟು ಉಂಡ್ಯಾ?’ ಅಂದರೆ ‘ಊಟ ಆಯ್ತಾ?’ ಅಂತಲೇ ಅರ್ಥ.)

ಅವ್ವ ಹೊಲಕ್ಕೆ ಹೋದರೆ ಬರಿಗೈಯಲ್ಲಿ ಬಂದದ್ದನ್ನು ನಾನು ಕಾಣೆ. ಮಡಿಲಲ್ಲಿ ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗಣಿಕೆ, ಕೆರೆ ಏರಿಯ ಹೊನಗೊನ್ನೆ, ಹಿತ್ತಿಲ ಕುಂಬಳದ ಕುಡಿ, ಬದುವಿನ ಎಳೇ ತಗಚೆ, ಎಲ್ಲಾ ಸೇರಿ ಒಂದು ಕಂತೆ ಇರುತ್ತಿತ್ತು. ಇದಕ್ಕೆ ಬೆರಕೆ ಸೊಪ್ಪು ಎಂದು ಹೆಸರು. ಇವುಗಳಲ್ಲಿ ಹೆಚ್ಚಿನವನ್ನು ಯಾರೂ ಬಿತ್ತುವುದಿಲ್ಲ. ರಾಗಿಗೆ ಕುಂಟೆ ಹೊಡೆದು, ಕಳೆ ತೆಗೆಯಲು ಕೂತ ಹೆಂಗಸರ ಕೈಗೆ ಸಿಗುವುದೇ ಇವು. ಕಳೆ ಕೀಳುವುದೂ ಸಾರಿಗೆ ಸೊಪ್ಪು ಆಯುವುದೂ ಒಂದೇ ಕೆಲಸ. ಯಾವುದನ್ನು ಎಷ್ಟು ಸೇರಿಸಬೇಕು ಎನ್ನುವುದೇ ಅಡುಗೆಯ ಜಾಣತನ. ಗಣಿಕೆ ಹೆಚ್ಚಾದರೆ ಕಹಿ, ಕನ್ನೆ ಹೆಚ್ಚಾದರೆ ಲೋಳೆ, ಅಣ್ಣೆ ಸೊಪ್ಪಿನದು ಮಾತ್ರ ಎಷ್ಟಾದರೂ ತಕರಾರಿಲ್ಲ.

ಇದರಿಂದ ಮಾಡುವುದು ಉಪ್ಪೆಸರು. ಮೈಸೂರು, ಮಂಡ್ಯ, ಚಾಮರಾಜನಗರ ದಾಟಿದರೆ ಉಪ್ಪೆಸರು ಅಂದರೆ ಏನು ಎಂದು ವಿವರಿಸಬೇಕಾಗುತ್ತದೆ. ಹೆಸರುಕಾಳನ್ನೋ ಹುರುಳಿಯನ್ನೋ ಉಪ್ಪು ಹಾಕಿ ಬೇಯಿಸಿ, ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಕಟ್ಟು ಬಸಿದುಕೊಳ್ಳುತ್ತೇವೆ. ಆ ಕಟ್ಟೇ ಸಾರು. ಅದಕ್ಕೆ ಮಸಾಲೆ ಇಲ್ಲ. ಖಾರವನ್ನು ಬೇರೆ ಅರೆಯುತ್ತೇವೆ: ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಮೆಣಸು, ಜೀರಿಗೆ, ಹುಣಸೆಹಣ್ಣು. ಅದನ್ನು ತಟ್ಟೆಯ ಅಂಚಿನಲ್ಲಿಟ್ಟುಕೊಂಡು ಅವರವರ ನಾಲಿಗೆಗೆ ಬೇಕಾದಷ್ಟು ಕಟ್ಟಿಗೆ ಕಲಸಿಕೊಳ್ಳಬೇಕು. ಮಗುವಿಗೂ ಮುದುಕನಿಗೂ ಬಾಣಂತಿಗೂ ಒಂದೇ ಮಡಕೆಯ ಸಾರು, ಖಾರ ಮಾತ್ರ ಅವರವರದು. ಬಸಿದು ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಅದೇ ಕಟ್ಟಿಗೆ ಮಸಾಲೆ ಅರೆದು ಕುದಿಸಿದರೆ ಬಸ್ಸಾರು. ಎಲ್ಲವನ್ನೂ ಒಟ್ಟಿಗೆ ಮಸೆದರೆ ಮಸ್ಸೊಪ್ಪು.

ಈ ಊಟ ಅಡುಗೆಮನೆಯಲ್ಲಿ ಹುಟ್ಟಿದ್ದಲ್ಲ, ಹೊಲದ ಸಾಲಿನಲ್ಲಿ ಹುಟ್ಟಿದ್ದು. ಮುಂಗಾರಿನಲ್ಲಿ ಅಪ್ಪ ಕೂರಿಗೆ ಹಿಡಿದು ರಾಗಿ ಬಿತ್ತುತ್ತಿದ್ದರೆ ಹಿಂದೆಯೇ ಅವ್ವ ಸಡ್ಡೆ ಹಿಡಿದು ಬರುತ್ತಿದ್ದಳು. ಕೂರಿಗೆಯ ಹಿಂದೆ ಕಟ್ಟಿದ ಬಿದಿರ ಕೊಳವೆಗೆ ಸಡ್ಡೆ ಎನ್ನುತ್ತಾರೆ. ಆರೋ ಎಂಟೋ ಸಾಲು ರಾಗಿಗೆ ಒಂದು ಸಾಲು ಅದರಿಂದ ಬೀಳುತ್ತಿತ್ತು: ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು, ಅಂಚಿಗೆ ಹರಳು. ಇದೇ ಅಕ್ಕಡಿ ಸಾಲು. ರಾಗಿ ಅಪ್ಪನ ಲೆಕ್ಕ, ಅಕ್ಕಡಿ ಅವ್ವನ ಲೆಕ್ಕ. ಸಾರಿನ ಕಾಳು, ದೀಪಕ್ಕೂ ತಲೆಗೂ ಹರಳೆಣ್ಣೆ, ಚಟ್ನಿಪುಡಿಯ ಹುಚ್ಚೆಳ್ಳು, ಎಲ್ಲಾ ಆ ಒಂದು ಸಾಲಿನಿಂದ ಬರಬೇಕು. ಮಳೆ ಕೈಕೊಟ್ಟು ರಾಗಿ ಸೊರಗಿದ ವರ್ಷವೂ ತೊಗರಿಯೋ ಅವರೆಯೋ ಒಂದಿಷ್ಟು ಉಳಿದುಕೊಳ್ಳುತ್ತಿತ್ತು. ಮಾರ್ಗಶಿರದ ಇಬ್ಬನಿ ಬಿದ್ದ ಮೇಲೆ ಅವರೆಕಾಯಿಗೆ ಸೊಗಡು ಏರುತ್ತದೆ. ಕಾಯಿ ಬಿಡಿಸಿದ ಕೈ ಎರಡು ದಿನ ಘಮ್ಮೆನ್ನುತ್ತದೆ. ಈಗ ವರ್ಷವಿಡೀ ಸಿಗುವ ಅವರೆಯಲ್ಲಿ ಆ ಸೊಗಡು ಇಲ್ಲ ಎನ್ನುವುದು ಮುದುಕಿಯ ಗೊಣಗಾಟವಲ್ಲ, ಮೂಸಿ ನೋಡಿ.

ರಾಗಿಯ ವಿಷಯಕ್ಕೆ ಬಂದರೆ, ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಕೆಡದೆ ಉಳಿದ ರಾಗಿಯನ್ನು ಗೆಲ್ಲಿಸಿದ್ದು ಎಲ್ಲರಿಗೂ ಗೊತ್ತು. ನಮ್ಮ ಮನೆ ಮುಂದಿನ ಹಗೇವಿನಲ್ಲಿ ರಾಗಿ ಆರು ತಿಂಗಳಲ್ಲ, ವರ್ಷಗಟ್ಟಲೆ ಇರುತ್ತಿತ್ತು. ಹಗೇವು ಅಂದರೆ ನೆಲದೊಳಗೆ ಮಡಕೆಯ ಆಕಾರದಲ್ಲಿ ತೋಡಿದ ಕಣಜ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ತೆರೆದ ದಿನ ಯಾರೂ ತಕ್ಷಣ ಇಳಿಯುವಂತಿಲ್ಲ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಉಸಿರಿಲ್ಲ, ಇನ್ನೂ ಕಾಯಬೇಕು. ಮುಂದೆ ಮೇಷ್ಟ್ರಮ್ಮನಾಗಿ ಇಂಗಾಲದ ಡೈಆಕ್ಸೈಡಿನ ಪಾಠ ಮಾಡುವಾಗೆಲ್ಲ ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಈ ದೀಪದ ಕಥೆ.

ಹೊಗೆಸೊಪ್ಪನ್ನು ಬೈಯುವುದು ಸುಲಭ, ನನಗೆ ಆ ಹಕ್ಕಿಲ್ಲ. ನನ್ನ ಟಿ.ಸಿ.ಎಚ್. (ಶಿಕ್ಷಕರ ತರಬೇತಿ) ಫೀಸು ಕಟ್ಟಿದ್ದು ಗಂಡನ ಮನೆಯ ಬ್ಯಾರನ್. ಮಳೆ ನಂಬಿದ ಕೆಂಪು ಜಮೀನಿನಲ್ಲಿ ಒಂದೇ ಸಲಕ್ಕೆ ಕೈತುಂಬ ಕಾಸು ಕೊಡುವ ಬೆಳೆ ಬೇರೆ ಯಾವುದಿತ್ತು? 1976ರಲ್ಲಿ ತಂಬಾಕು ಮಂಡಳಿ ಬಂತು, ಲೈಸೆನ್ಸು ಬಂತು, ಆಮೇಲೆ ಹರಾಜು ಕಟ್ಟೆಗಳು ಬಂದವು, ಬ್ಯಾಂಕಿನವರು ಬ್ಯಾರನ್ ನೋಡಿ ಸಾಲ ಕೊಟ್ಟರು. ರಾಗಿ ಹೊಲ ನೋಡಿ ಯಾರೂ ಹಾಗೆ ಕರೆದು ಕೊಡಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೆ.ಆರ್. ನಗರದ ಖುಷ್ಕಿ ಭಾಗ ಎಲ್ಲ ಕಡೆ ಇದೇ ಕಥೆ.

ಹಾಗೆಂದು ರಾಗಿ ಹೋಗಿಬಿಡಲಿಲ್ಲ. ಮೇ ತಿಂಗಳಲ್ಲಿ ನಾಟಿ ಮಾಡಿದ ಹೊಗೆಸೊಪ್ಪು ಮುಗಿದ ಹೊಲಕ್ಕೇ ಆಗಸ್ಟಿನಲ್ಲಿ ಬಿತ್ತುತ್ತೇವೆ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ತೆಗೆದ ಇಂಡಾಫ್ ತಳಿಗಳು ಬಂದ ಮೇಲೆ ಇಳುವರಿಯೂ ಏರಿತು. ನಮ್ಮಪ್ಪ ಅವರ ಹೆಸರು ಹೇಳುವಾಗ ಕೈಮುಗಿಯುತ್ತಿದ್ದರು. ಹೋದದ್ದು ಅಕ್ಕಡಿ. ಊರ ತೊಗರಿಗೆ ಜೂನಿನ ಮಳೆಯಿಂದ ಹಿಡಿದು ಆರು ತಿಂಗಳಿಗೂ ಹೆಚ್ಚು ಕಾಲ ನೆಲ ಬೇಕು. ಹೊಗೆಸೊಪ್ಪಿನ ಹಿಂದೆ ಬರುವ ಅವಸರದ ರಾಗಿಯಲ್ಲಿ ಅದಕ್ಕೆ ಜಾಗ ಇಲ್ಲ. ಸಡ್ಡೆ ಅಟ್ಟ ಸೇರಿತು, ಸಾರಿನ ಕಾಳು ಅಂಗಡಿಯಿಂದ ಬಂತು. ಅವ್ವನ ಲೆಕ್ಕ ಅಂಗಡಿಯ ಲೆಕ್ಕವಾಯಿತು.

ಆಮೇಲೆ ಬಂದದ್ದು ಕಳೆನಾಶಕ. ಕೂಲಿ ಸಿಗುವುದಿಲ್ಲ, ಸಿಕ್ಕರೂ ಪೂರೈಸುವುದಿಲ್ಲ, ಒಂದು ಡ್ರಮ್ಮು ಹೊಡೆದರೆ ಒಂದೆಕರೆ ಸಾಫು. ಗೊಬ್ಬರದಂಗಡಿಯ ಹುಡುಗ ಡಬ್ಬದ ಮೇಲಿನ ಚಿತ್ರ ತೋರಿಸಿ ‘ಈ ಎಲ್ಲಾ ಕಳೆ ಸಾಯ್ತವೆ ಆಂಟಿ’ ಅಂದ. ಅಣ್ಣೆ, ಕನ್ನೆ, ಗೋಣಿ ಸೊಪ್ಪು ಎಲ್ಲಾ ಅವನ ಪಾಲಿಗೆ ಕಳೆ. ಅವ್ವನ ಮಡಿಲಿನ ಅರ್ಧ ಪಟ್ಟಿ ಆ ಡಬ್ಬದ ಮೇಲಿತ್ತು.

ಕೆ.ಆರ್. ನಗರದ ನೀರಾವರಿ ಕಡೆ ಕೊಟ್ಟ ನನ್ನ ತಂಗಿಯ ಮನೆಯಲ್ಲಿ ಇದೇ ಕಥೆ ಭತ್ತದ ರೂಪದಲ್ಲಿ ನಡೆದಿದೆ. ಅಲ್ಲಿ ಮೊದಲು ರಾಜಮುಡಿ ಬೆಳೆಯುತ್ತಿದ್ದರು. ಎತ್ತರದ ಪೈರು, ಐದು ತಿಂಗಳ ಬೆಳೆ, ನಸುಗೆಂಪಿನ ಅಕ್ಕಿ. ಅರಸರಿಗೆ ಸಲ್ಲುತ್ತಿದ್ದ ಅಕ್ಕಿಯಾದ್ದರಿಂದ ಆ ಹೆಸರು ಎನ್ನುತ್ತಾರೆ. ಯೂರಿಯಾ ಹಾಕಿದರೆ ಉದ್ದ ಬೆಳೆದು ಮಲಗಿಬಿಡುತ್ತದೆ. ಹಾಗಾಗಿ ಗಿಡ್ಡ ತಳಿಗಳು ಬಂದವು. ಕೇರಳದವರಿಗೆ ಬೇಕು ಎಂದು ಜ್ಯೋತಿ ಬಂತು. ಬೆಳೆಯುವುದು ನಾವು, ಉಣ್ಣುವುದು ಅವರು. ಗದ್ದೆಯ ಏಡಿ ಹಿಡಿದು ಸಾರು ಮಾಡುತ್ತಿದ್ದದ್ದನ್ನು ತಂಗಿ ಮಕ್ಕಳಿಗೆ ಕಥೆಯಾಗಿ ಹೇಳುತ್ತಾಳೆ, ಔಷಧಿ ಹೊಡೆದ ಗದ್ದೆಯಲ್ಲಿ ಏಡಿ ಎಲ್ಲಿಂದ ಬರಬೇಕು? ಈಗ ರಾಜಮುಡಿಗೆ ಮತ್ತೆ ಬೆಲೆ ಬಂದಿದೆ. ಮೈಸೂರಿನ ಸಾವಯವ ಅಂಗಡಿಯಿಂದ ಅವಳೇ ಎರಡು ಕೆ.ಜಿ. ಪ್ಯಾಕೆಟ್ ಕೊಂಡು ತರುತ್ತಾಳೆ. ನಾಲೆಯ ಪಕ್ಕದ ರೈತನ ಹೆಂಡತಿ!

ಮೊದಮೊದಲು ನನಗೆ ಇದೆಲ್ಲ ಬರೀ ಬಾಯಿರುಚಿಯ ಕೊರಗಾಗಿತ್ತು. ಇದು ಬಾಯಿರುಚಿಗಿಂತ ದೊಡ್ಡ ವಿಷಯ ಎಂದು ಗೊತ್ತಾದದ್ದು 1994ರಲ್ಲಿ, ಹೆಗ್ಗಡದೇವನಕೋಟೆಯಿಂದ ಅಂತರಸಂತೆ ದಾಟಿ ಹೋದರೆ ಸಿಗುವ ಕಾಡಂಚಿನ ಹಾಡಿಯೊಂದರ ಶಾಲೆಗೆ ನನ್ನನ್ನು ಹಾಕಿದ ಮೇಲೆ. ಜೇನುಕುರುಬ ಆದಿವಾಸಿಗಳ ಹಾಡಿ. ಮಕ್ಕಳು ಚಳಿಗಾಲದಲ್ಲಿ ಚಡ್ಡಿ ಜೇಬಿನಲ್ಲಿ ಸುಟ್ಟ ಗೆಣಸು ಇಟ್ಟುಕೊಂಡು ಬರುತ್ತಿದ್ದವು. ಕೈ, ಬಾಯಿ, ಸ್ಲೇಟು ಎಲ್ಲ ಮಸಿ. ನಾನು ಹೊಸ ಹುಮ್ಮಸ್ಸಿನ ಮೇಷ್ಟ್ರಮ್ಮ. ‘ಕಾಡಿನದ್ದೆಲ್ಲ ತಿನ್ನಬಾರದು, ಅನ್ನ ತಿನ್ನಬೇಕು, ಆಗ ಬುದ್ಧಿ ಬರುತ್ತೆ’ ಎಂದು ತರಗತಿಯಲ್ಲಿ ಹೇಳಿದೆ. ಒಂದಿಬ್ಬರ ಗೆಣಸು ಕಸಿದು ಬೇಲಿಯಾಚೆ ಎಸೆದೂ ಇದ್ದೇನೆ. ಅನ್ನಕ್ಕಿಂತ ರಾಗಿ ಮೇಲು ಎಂದು ಕನಕದಾಸರ ಪಾಠ ಮಾಡುತ್ತಿದ್ದ ಬಾಯೇ ಇದು.

ಆ ವಾರ ಒಬ್ಬ ಹುಡುಗನ ಅಜ್ಜಿ ಶಾಲೆಯ ಹತ್ತಿರ ಬಂದಳು. ಜಗಳಕ್ಕೆ ಬಂದಳು ಅಂದುಕೊಂಡೆ. ‘ಗೆಣಸು ಎಸೆದ್ಯಂತಲ್ಲ ಮೇಡಮ್ಮ, ಅದನ್ನ ತೆಗೆಯೋಕೆ ಎಷ್ಟು ಹೊತ್ತು ಬೇಕು ಅಂತ ಒಂದಿನ ಬಂದು ನೋಡು’ ಅಂದಳು, ಅಷ್ಟೇ. ಭಾನುವಾರ ಹೋದೆ.

ಸಂಕ್ರಾಂತಿ ಆಸುಪಾಸು, ಕಾಡು ಒಣಗುತ್ತಿತ್ತು. ನೂರೆ ಗೆಣಸಿನ ಬಳ್ಳಿ ಮಳೆಗಾಲದಲ್ಲಿ ಚಿಗುರಿ, ಕಾರ್ತಿಕ ಕಳೆದ ಮೇಲೆ ಒಣಗಿ ಉದುರಿಹೋಗುತ್ತದೆ. ಬಳ್ಳಿ ಹಸಿರಿರುವಾಗ ಅಗೆದರೆ ಗೆಣಸಿನಲ್ಲಿ ಸತ್ವ ಇಲ್ಲ. ಸತ್ವ ಇಳಿದ ಹೊತ್ತಿಗೆ ಗುರುತಿಗೆ ಬಳ್ಳಿಯೇ ಇಲ್ಲ. ಮರಕ್ಕೆ ಸುತ್ತಿಕೊಂಡು ಉಳಿದ ಒಂದು ಗೇಣು ಒಣ ಎಳೆ ನೋಡಿ ಅಜ್ಜಿ ಅದು ನೂರೆಯೋ ಬೇರೆಯದೋ ಹೇಳುತ್ತಿದ್ದಳು. ಬಳ್ಳಿ ಮರವನ್ನು ಎಡಕ್ಕೆ ಸುತ್ತಿದೆಯೋ ಬಲಕ್ಕೋ ಎಂದು ನೋಡುವುದೂ ಒಂದು ಗುರುತು. ಈ ಜಾತಿಯ ಗೆಣಸುಗಳಲ್ಲಿ ಕೆಲವು ಎಡಕ್ಕೇ ಸುತ್ತುತ್ತವೆ, ಕೆಲವು ಬಲಕ್ಕೇ. ಸಸ್ಯಶಾಸ್ತ್ರದ ಪುಸ್ತಕದಲ್ಲೂ ಇದು ಇದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಕಬ್ಬಿಣದ ಮೊನೆಯ ಕೋಲಿನಿಂದ ಅಗೆಯಲು ಕೂತಳು. ಮೊಣಕೈ ಆಳ, ಭುಜದ ಆಳ, ಆಮೇಲೆ ತಲೆ ಕೆಳಗಾಗಿ ಗುಂಡಿಗೆ ಬಗ್ಗಿ ಕೈಯಿಂದ ಮಣ್ಣು ಎತ್ತಿದಳು. ಒಂದೂವರೆ ಗಂಟೆಗೆ ಎರಡು ಗೆಣಸು ಬಂತು. ನಾನು ಏಳಲು ಹೊರಟರೆ ಅವಳ ಕೆಲಸ ಇನ್ನೂ ಮುಗಿದಿರಲಿಲ್ಲ. ಬಳ್ಳಿ ಹುಟ್ಟುವ ತಲೆಯ ಭಾಗವನ್ನು ಮುರಿದು, ಗುಂಡಿಗೆ ವಾಪಸ್ ಇಟ್ಟು, ಎತ್ತಿದ ಮಣ್ಣನ್ನೆಲ್ಲ ತುಂಬಿ, ಮೇಲೆ ಎಲೆ ಎಳೆದಳು. ಅಗೆದ ಗುರುತೇ ಇಲ್ಲದ ಹಾಗೆ. ‘ತಲೆ ಬಿಟ್ಟು ತಿನ್ನಬೇಕು. ಮುಂದಿನ ಸಲಕ್ಕೆ ಮಣ್ಣು ಸಡಿಲ ಇರತ್ತೆ, ಗೆಣಸೂ ದಪ್ಪ ಬರತ್ತೆ’ ಅಂದಳು. ಕಾಡಿನಲ್ಲಿ ಸಿಕ್ಕಿದ್ದನ್ನು ಕಿತ್ತು ತಿನ್ನುವವರು ಎಂದು ನಾನು ಅಂದುಕೊಂಡಿದ್ದ ಜನ ಅಲ್ಲಿ ನೇಗಿಲಿಲ್ಲದೆ ಬೇಸಾಯ ಮಾಡುತ್ತಿದ್ದರು.

ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಉಪ್ಪು-ಮೆಣಸಿನಕಾಯಿ ಜಜ್ಜಿದ ಚಟ್ನಿ ಹಚ್ಚಿ ಕೊಟ್ಟಳು. ಹಿಟ್ಟುಹಿಟ್ಟಾಗಿ, ಹೊಗೆಯ ವಾಸನೆ ಸೇರಿ, ಸಿಹಿಯೂ ಅಲ್ಲದ ಸಪ್ಪೆಯೂ ಅಲ್ಲದ ರುಚಿ. ಬೇಲಿಯಾಚೆ ಎಸೆದ ಗೆಣಸು ನೆನಪಾಗಿ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಹನ್ನೊಂದು ವರ್ಷ ಅದೇ ಶಾಲೆಯಲ್ಲಿದ್ದೆ. ಕಲಿತದ್ದು ಕಲಿಸಿದ್ದಕ್ಕಿಂತ ಜಾಸ್ತಿ. ಗುಡುಗಿನ ಮರುದಿನ ಹುತ್ತದ ಮೇಲೆ ಏಳುವ ಅಣಬೆ ಯಾವುದು, ಮುಟ್ಟಬಾರದ್ದು ಯಾವುದು. ಹೆಜ್ಜೇನು, ತುಡುವೆ, ಕೋಲುಜೇನು, ನಸರಿ, ನಾಲ್ಕರ ತುಪ್ಪದ ರುಚಿ ನಾಲ್ಕು ಬಗೆ. ಮಳೆಗಾಲದ ಕಳಲೆ, ಅಂದರೆ ಬಿದಿರಿನ ಎಳೇ ಮೊಳಕೆ, ಅದನ್ನು ಹೆಚ್ಚಿ ಎರಡು ಮೂರು ದಿನ ನೀರು ಬದಲಾಯಿಸುತ್ತ ನೆನೆಹಾಕಲೇಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ, ನೀರಿಗೂ ಬೆಂಕಿಗೂ ಅದು ಹೋಗುತ್ತದೆ. ಕಾಡುಗೆಣಸಿನಲ್ಲೂ ಒಂದೆರಡು ಜಾತಿಯನ್ನು ಹಾಗೇ ತಿಂದರೆ ಆಸ್ಪತ್ರೆಯೇ ಗತಿ. ಹೆಚ್ಚಿ, ಹರಿಯುವ ನೀರಿನಲ್ಲಿಟ್ಟು, ಬೇಯಿಸಿ ನೀರು ಚೆಲ್ಲಿ ತಿನ್ನುವ ಕ್ರಮ ಅವಕ್ಕಿದೆ. ಇದನ್ನು ಓದಿ ಯಾರೂ ಗುದ್ದಲಿ ಹಿಡಿದು ಹೊರಡಬೇಡಿ. ಗುರುತು ಬರುವುದು ಓದಿನಿಂದಲ್ಲ. ಅಜ್ಜಿಯ ಮೊಮ್ಮಗನಿಗೇ ಅದು ಪೂರ್ತಿ ಬರುವುದಿಲ್ಲ.

ಏಕೆ ಬರುವುದಿಲ್ಲ? ಮೊಮ್ಮಗ ಕಾಡಿಗೆ ಹೋಗುವ ಹಾಗಿಲ್ಲ. ನಾಗರಹೊಳೆ 1955ರಲ್ಲಿ ವನ್ಯಧಾಮವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟೆ ಎದ್ದು ಕಾಡೂ ಊರೂ ಮುಳುಗಿದವು. ಆಮೇಲೆ ರಾಷ್ಟ್ರೀಯ ಉದ್ಯಾನ, ಹುಲಿ ಯೋಜನೆ. ಒಳಗಿದ್ದ ಹಾಡಿಗಳು ಒಂದೊಂದಾಗಿ ಅಂಚಿಗೆ ಬಂದವು. ಕೆಲವರು ಹುಣಸೂರು ತಾಲೂಕಿನ ನಾಗಾಪುರದ ಪುನರ್ವಸತಿಗೆ ಹೋದರು. ಹೈಕೋರ್ಟಿನ ಆದೇಶದಂತೆ ಪ್ರೊ. ಮುಜಾಫರ್ ಅಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿ ಹೀಗೆ ಕಾಡಿನಿಂದ ಹೊರಬಂದ 3,418 ಕುಟುಂಬಗಳನ್ನು ಲೆಕ್ಕ ಹಾಕಿದೆ. ಹೊರಬಂದವರ ದುಡಿಮೆ ಕೊಡಗಿನ ಕಾಫಿ ತೋಟದಲ್ಲಿ, ಗುತ್ತಿಗೆಗೆ ಹಿಡಿದವರ ಶುಂಠಿ ಹೊಲದಲ್ಲಿ. ಸಂಜೆ ಕೂಲಿ ಕಾಸು, ದಾರಿಯ ಅಂಗಡಿಯಲ್ಲಿ ಅಕ್ಕಿ, ಒಂದು ಪೊಟ್ಟಣ ಸಾಂಬಾರ್ ಪುಡಿ. ಗೆಣಸು ಅಗೆಯಲು ಒಂದೂವರೆ ಗಂಟೆ ಯಾರಿಗಿದೆ?

ಕುತೂಹಲದ ಸಂಗತಿ ಎಂದರೆ 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಪಟ್ಟಿಯಲ್ಲಿ ಬಿದಿರು, ಜೇನು, ಬೇರು, ಗೆಡ್ಡೆ ಎಂದು ಹೆಸರಿಟ್ಟೇ ಬರೆದಿದೆ. ಅಜ್ಜಿಯ ಗೆಣಸು ದೆಹಲಿಯ ಕಾಯ್ದೆ ಪುಸ್ತಕ ಸೇರಿದೆ. ಕಾಗದದಲ್ಲಿರುವ ಗೆಣಸು ತಟ್ಟೆಗೆ ಬರಲು ಕಾವಲುಗಾರನ ಮರ್ಜಿ ಬೇಕು, ಆನೆಯ ಮರ್ಜಿಯೂ ಬೇಕು. ಹುಲಿ ಉಳಿಯಬಾರದು ಎಂದು ನಾನು ಹೇಳುತ್ತಿಲ್ಲ. ತಲೆ ಬಿಟ್ಟು ಗೆಣಸು ತಿನ್ನುತ್ತಿದ್ದವರ ಕಾಡಿನಲ್ಲೇ ಅಲ್ಲವೆ ಹುಲಿಯೂ ಉಳಿದಿದ್ದದ್ದು?

ಕಾಡಿನ ತಿನಿಸಿನಲ್ಲಿ ಪೇಟೆಯವರು ಎಂದೋ ಒಪ್ಪಿಕೊಂಡದ್ದು ಒಂದೇ, ಮಾಗಳಿ ಬೇರು. ಮಜ್ಜಿಗೆಯಲ್ಲಿ ನೆನೆದ ಅದರ ಉಪ್ಪಿನಕಾಯಿ ಮೈಸೂರಿನ ಅಗ್ರಹಾರಗಳಲ್ಲಿ ಮೊಸರನ್ನದ ಜೊತೆ ಇರಲೇಬೇಕು. ಮೊದಲ ಸಲ ಮೂಸಿದವರಿಗೆ ತಿಗಣೆ ವಾಸನೆ, ಒಗ್ಗಿದವರಿಗೆ ಪರಿಮಳ. ಬಂಡೆ ಸಂದಿಯಿಂದ ಅದನ್ನು ಕಿತ್ತು ತರುತ್ತಿದ್ದವರು ಆದಿವಾಸಿಗಳು. ಪೇಟೆಯ ಬೇಡಿಕೆ ಹೆಚ್ಚಿ ಬೇರು ಬುಡಸಮೇತ ಬಂದು ಅದೂ ಅಪರೂಪವಾಗಿದೆ. ರುಚಿಯನ್ನು ಹೊಗಳಿಯೂ ಒಂದು ತಿನಿಸನ್ನು ಮುಗಿಸಬಹುದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ಮೇಳಗಳ ಕಾಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಆಚರಿಸಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ ರಾಗಿಗೆ ಮಾನ ಬಂತು. ಸಹಜ ಸಮೃದ್ಧ ಸಂಸ್ಥೆಯವರು ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಗೆಡ್ಡೆ ಗೆಣಸು ಮೇಳ ಮಾಡಿದಾಗ ನಾನು ಹೋಗಿದ್ದೆ. ಅಲ್ಲಿ ಮೇಜಿನ ಮೇಲೆ ಹೆಸರು ಬರೆದಿಟ್ಟ ಗೆಣಸುಗಳ ಸಾಲು, ಫೋಟೊ ತೆಗೆಯುವ ಜನ. ನನಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಕಸಿವಿಸಿ. ಕೊಂಡವರಲ್ಲಿ ಎಷ್ಟು ಜನ ತಲೆ ಮುರಿದು ನೆಟ್ಟರು? ಆದರೂ ಸುಳ್ಳು ಹೇಳಬಾರದು, ಆ ಮೇಳದಲ್ಲಿ ಒಬ್ಬಳು ಜೇನುಕುರುಬರ ಹೆಣ್ಣುಮಗಳು ಗೆಣಸಿನ ಪಕ್ಕ ನಿಂತು ಪೇಟೆಯವರಿಗೆ ವಿವರಿಸುತ್ತಿದ್ದಳು. ನನ್ನ ತರಗತಿಯಲ್ಲಿ ಮಸಿ ಬಾಯಿ ಒರೆಸಿಕೊಂಡು ಅಡಗುತ್ತಿದ್ದ ಮಕ್ಕಳ ವಯಸ್ಸಿನ ಮಕ್ಕಳು ಅವಳಿಗಿರಬಹುದು. ಅವಳ ದನಿಯಲ್ಲಿ ನಾಚಿಕೆ ಇರಲಿಲ್ಲ.

ಊಟ ಉಳಿಸಿಕೊಳ್ಳುವ ಮಾತು ಬಂದಾಗ ನನಗೆ ಬೈಲಕುಪ್ಪೆಯೂ ನೆನಪಾಗುತ್ತದೆ. ಪಿರಿಯಾಪಟ್ಟಣ ತಾಲೂಕಿನದೇ ಊರು. 1960ರ ದಶಕದ ಆರಂಭದಿಂದ ಅಲ್ಲಿ ಟಿಬೆಟಿನವರು ಇದ್ದಾರೆ. ಹಿಮದ ನಾಡಿನಿಂದ ನಮ್ಮ ಸೆಕೆಗೆ ಬಂದು, ಕಾಡು ಕಡಿದು, ಮುಸುಕಿನ ಜೋಳ ಬೆಳೆದರು. ಅವರ ತ್ಸಂಪಾ ಅಂದರೆ ಹುರಿದ ಬಾರ್ಲಿಯ ಹಿಟ್ಟು, ಬೆಣ್ಣೆ ಹಾಕಿದ ಉಪ್ಪು ಚಹಾದಲ್ಲಿ ಬಟ್ಟಲಲ್ಲೇ ಕಲಸಿ ಉಂಡೆ ಮಾಡಿ ತಿನ್ನುತ್ತಾರೆ. ನಮ್ಮ ಹುರಿಹಿಟ್ಟಿನ ಅಣ್ಣ. ನಮ್ಮ ಹುಡುಗರು ಬೈಲಕುಪ್ಪೆಗೆ ಹೋಗುವುದು ಮೊಮೊ ತಿನ್ನಲು, ತ್ಸಂಪಾ ಕೇಳುವವರಿಲ್ಲ. ಮಾರಾಟಕ್ಕೆ ಒಗ್ಗುವ ತಿನಿಸು ಹೋಟೆಲಿಗೆ ಬರುತ್ತದೆ, ದಿನದ ಊಟ ಮನೆಯ ಮುದುಕರ ಬಟ್ಟಲಲ್ಲಿ ಉಳಿಯುತ್ತದೆ.

2022ರಲ್ಲಿ ನಿವೃತ್ತಳಾಗಿ ಊರಿಗೆ ಬಂದೆ. ಹೊಲ ಈಗ ಮಗನದು, ಎರಡು ಬ್ಯಾರನ್. ಅಟ್ಟದಿಂದ ಸಡ್ಡೆ ಇಳಿಸಿದೆ, ಗೆದ್ದಲು ತಿಂದಿತ್ತು. ಮಗನ ಹತ್ತಿರ ಬೇರೇನೂ ಕೇಳಲಿಲ್ಲ, ಬಾವಿಯ ಪಕ್ಕದ ಐದು ಗುಂಟೆಗೆ ಔಷಧಿ ಹೊಡೆಯಬೇಡ ಅಂದೆ. ಜೂನಿನಲ್ಲೇ ಅಲ್ಲಿ ರಾಗಿ ಎರಚಿ, ಕೈಯಲ್ಲೇ ಅವರೆ, ತೊಗರಿ, ಅಲಸಂದೆ ಊರಿದೆ. ತಂಗಿ ಹುಚ್ಚೆಳ್ಳು ಕೊಟ್ಟಳು. ಮೊದಲ ವರ್ಷ ಅವರೆಯನ್ನು ಹುಳ ತಿಂದಿತು, ರಾಗಿಯನ್ನು ನವಿಲು ತಿಂದವು. ಬೇಲಿಗೆ ಹಾಡಿಯಿಂದ ತಂದ ನೂರೆ ಗೆಣಸಿನ ಮೂರು ತಲೆ ನೆಟ್ಟಿದ್ದೆ. ಎರಡು ಕೊಳೆತವು, ಒಂದು ಹಬ್ಬಿತು. ಅಗೆಯಲು ಇನ್ನೂ ಮನಸ್ಸು ಬಂದಿಲ್ಲ.

ಎರಡನೇ ವರ್ಷ ಆ ಐದು ಗುಂಟೆಯಲ್ಲಿ ಅಣ್ಣೆ ಸೊಪ್ಪು ಎದ್ದಿತು. ಯಾರೂ ಬಿತ್ತಿರಲಿಲ್ಲ. ಕನ್ನೆ ಬಂತು, ಬಾವಿಯ ಹಸಿಗೆ ಹೊನಗೊನ್ನೆ ಬಂತು. ಸೊಸೆ ಪೇಟೆಯಲ್ಲಿ ಬೆಳೆದವಳು, ಒಂದೊಂದನ್ನೇ ಕಿತ್ತು ತಂದು ‘ಇದು ಆಗುತ್ತಾ ಅತ್ತೆ? ಇದು?’ ಎಂದು ಕೇಳಿ ಕೇಳಿ ಒಂದು ಕಂತೆ ಮಾಡಿದಳು. ಆಗಸ್ಟಿನ ಮಧ್ಯ, ಬ್ಯಾರನ್ನಿನಲ್ಲಿ ನಾಲ್ಕನೇ ದಿನದ ಬೆಂಕಿ. ಮಗ ಎರಡು ರಾತ್ರಿ ನಿದ್ದೆಗೆಟ್ಟು ಅಲ್ಲೇ ಮಂಚ ಹಾಕಿಕೊಂಡಿದ್ದ. ಸೊಸೆ ಫೋನು ಮಾಡಿ ‘ಬನ್ನಿ, ಸೊಪ್ಪು ಬೆಂದಿದೆ’ ಅಂದಳು.

‘ಎಲ್ಲಿ ಬೆಂದಿದೆ? ಇನ್ನೂ ಎರಡು ದಿನ ಬೇಕು, ಈಗಿನ್ನೂ ಬಣ್ಣ ಕಟ್ತಾ ಇದೆ’ ಅಂದ ಅವನು.

ಅವಳು ಫೋನನ್ನು ನನ್ನ ಕೈಗೆ ಕೊಟ್ಟು ನಗತೊಡಗಿದಳು. ಖಾರಕ್ಕೆ ಕರಿಮೆಣಸು ಕಡಿಮೆಯಾಗಿತ್ತು, ಗಣಿಕೆ ಒಂದಿಷ್ಟು ಹೆಚ್ಚಾಗಿ ಕಟ್ಟು ಕಹಿಯಾಗಿತ್ತು. ಮಗ ಕೈ ತೊಳೆದು ಬಂದು ಕೂತು ಎರಡು ಹಿಟ್ಟು ಉಂಡು, ಕಟ್ಟನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಕುಡಿದು, ಮತ್ತೆ ಬ್ಯಾರನ್ನಿಗೆ ಹೋದ.